ಒಣಹುಲ್ಲಿನ ಮೇಲೆ ನಡೆದವನು

ಅತ್ತಿಗೆ, ಆ ದೀಪ ಸ್ವಲ್ಪ ಸಣ್ಣ ಮಾಡಿ, ಕಣ್ಣಿಗೆ ಹೊಡೀತಿದೆ. ಹಾಂ, ಅಷ್ಟು ಸಾಕು. ನಗುವವರು ಈಗಲೇ ನಕ್ಕು ಮುಗಿಸಿಬಿಡಿ. ಮಧ್ಯದಲ್ಲಿ ಯಾರಾದರೂ ಕಿಸಕ್ಕೆಂದರೆ ಅಲ್ಲಿಗೇ ನಿಲ್ಲಿಸಿ ಹೊದ್ದುಕೊಂಡು ಮಲಗುತ್ತೇನೆ, ಆಮೇಲೆ ಕಾಲು ಹಿಡಿದರೂ ಹೇಳುವುದಿಲ್ಲ. ಇದು ಯಾರೋ ಯಾರಿಗೋ ಹೇಳಿದ್ದಲ್ಲ. ನನ್ನ ಒಡಹುಟ್ಟಿದ ಅಕ್ಕನ ಗಂಡನಿಗೆ ಆದದ್ದು.

ಭಾವ ಅನ್ನಬೇಕು. ಅನ್ನುತ್ತೇನೆ, ಏನು ಮಾಡಲಿ... ಸಂಬಂಧ ಹಾಗಿದೆ. ಆದರೆ ಬಹುವಚನ ನನ್ನ ಬಾಯಲ್ಲಿ ಬರುವುದಿಲ್ಲ. ಬೇಕಾದರೆ ನೀವು ಕೊಟ್ಟುಕೊಳ್ಳಿ. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಮಾತಾಡುವ ಮನುಷ್ಯ ಅವನು. ಅಂಥವರನ್ನು ಕಂಡರೆ ನನಗೆ ಮೊದಲಿಂದಲೂ ಆಗುವುದಿಲ್ಲ.

ಅವತ್ತು ಕೆಲಸ ಮುಗಿಸಿ ಬರುವಾಗ ಹೊತ್ತು ಮೀರಿತ್ತು. ಬಸ್ಸು ಇಳಿದು ಅವರ ಮನೆಗೆ ಹೋಗಬೇಕಾದರೆ ಒಂದು ಹಳೇ ಬಾವಿ ದಾಟಬೇಕು. ನೀರು ಸೇದುವವರು ಯಾರೂ ಇಲ್ಲ, ಬಾಯಿಗೆ ಕಬ್ಬಿಣದ ಜಾಲರಿ ಹಾಕಿದ್ದಾರೆ. ಪಕ್ಕದಲ್ಲಿ ದೀಪದ ಕಂಬ ಇದೆ, ದೀಪ ಇಲ್ಲ. ರಸ್ತೆ ಟಾರಿನದು, ಹೊಸದಾಗಿ ಹಾಕಿದ್ದು, ನುಣ್ಣಗೆ. ಸುತ್ತಮುತ್ತ ಹುಲ್ಲಿನ ಒಂದು ಎಳೆ ಕೂಡ ಇರಲಿಲ್ಲ.

ಬಾವಿ ದಾಟಿದ್ದೇ ತಡ... ಹಿಂದೆ ಸದ್ದು.

ಸರಕ್... ಕಿರ್. ಸರಕ್... ಕಿರ್.

ಒಣಹುಲ್ಲಿನ ಮೇಲೆ ಯಾರೋ ಬೂಟು ಹಾಕಿಕೊಂಡು ನಡೆಯುವ ಸದ್ದು. ಸರಕ್ ಅನ್ನುವುದು ಹುಲ್ಲು. ಕಿರ್ ಅನ್ನುವುದು ಬೂಟಿನ ಅಟ್ಟೆ.

ಭಾವ ನಿಂತ. ಸದ್ದು ನಿಂತಿತು. ತಿರುಗಿ ನೋಡಿದ. ಬಾವಿ, ಕಂಬ, ಖಾಲಿ ರಸ್ತೆ. ಒಂದು ನಾಯಿ ಕೂಡ ಇಲ್ಲ. ಮತ್ತೆ ನಡೆದ. ಮತ್ತೆ ಸರಕ್... ಕಿರ್.

ಬೇರೆ ಯಾರಾದರೂ ಆಗಿದ್ದರೆ ಎದ್ದೆನೋ ಬಿದ್ದೆನೋ ಅಂತ ಓಡಿರುತ್ತಿದ್ದರು. ಅವನು ಓಡಲಿಲ್ಲ. ಯಾಕೆಂದರೆ ಸದ್ದು ಅವನ ಕಸುಬು. ಸಿನಿಮಾಗಳಿಗೆ ಹೆಜ್ಜೆ ಸದ್ದು ಹಾಕಿಯೇ ಅನ್ನ ತಿನ್ನುತ್ತಿದ್ದವನು. ಹಾಗಾಗಿ ಕಿವಿಗೊಟ್ಟು ಕೇಳುತ್ತಾ ನಡೆದ. ಕೇಳುತ್ತಾ ಕೇಳುತ್ತಾ ಒಂದು ವಿಷಯ ಅವನ ಗಮನಕ್ಕೆ ಬಂತು. ರಸ್ತೆಯಲ್ಲಿ ಇಬ್ಬರು ನಡೆಯುತ್ತಿದ್ದರೆ ಇಬ್ಬರ ಹೆಜ್ಜೆಯೂ ಕೇಳಬೇಕು ತಾನೇ? ಕೇಳುತ್ತಿದ್ದದ್ದು ಒಬ್ಬರದು. ಹಿಂದಿನವನದು ಮಾತ್ರ. ಇವನ ಚಪ್ಪಲಿ ನೆಲಕ್ಕೆ ಬೀಳುತ್ತಿದೆ, ಏಳುತ್ತಿದೆ... ಸದ್ದೇ ಇಲ್ಲ.

ಜೋರಾಗಿ ಕಾಲು ಅಪ್ಪಳಿಸಿದ. ಇಲ್ಲ. ಮನೆ ಬಾಗಿಲಿಗೆ ಬರುವವರೆಗೂ ಅಪ್ಪಳಿಸುತ್ತಲೇ ಬಂದನಂತೆ. ಅವತ್ತು ಅಕ್ಕನಿಗೆ ಏನೂ ಹೇಳಲಿಲ್ಲ. ಹೇಳಿದರೆ ಬೇರೆ ಎಷ್ಟೋ ಹೇಳಬೇಕಾಗುತ್ತಿತ್ತು.

ಈಗ ಅದನ್ನು ಹೇಳುತ್ತೇನೆ, ಕೇಳಿ.

ನೀವು ಸಿನಿಮಾ ನೋಡುವಾಗ ನಾಯಕ ಟಕ್ ಟಕ್ ಅಂತ ನಡೆದು ಬರುತ್ತಾನಲ್ಲ... ಅದು ನಾಯಕನ ಕಾಲಿನ ಸದ್ದು ಅಂದುಕೊಂಡಿದ್ದೀರಾ? ಒಂದು ಮುಚ್ಚಿದ ಕೋಣೆಯಲ್ಲಿ ಯಾರೋ ಬನಿಯನ್ ತೊಟ್ಟುಕೊಂಡು, ಬೆವರುತ್ತಾ, ಪರದೆ ನೋಡಿಕೊಂಡು ಕುಣಿದದ್ದು ಅದು. ನೆಲದಲ್ಲಿ ಚೌಕ ಚೌಕ ಗುಂಡಿ ಮಾಡಿರುತ್ತಾರೆ. ಒಂದರಲ್ಲಿ ಮರಳು, ಒಂದರಲ್ಲಿ ಜಲ್ಲಿ, ಒಂದರಲ್ಲಿ ಹಲಗೆ. ಚಿರತೆ ಗುರುಗುಟ್ಟಬೇಕಾದರೆ ಮಡಕೆಯೊಳಗೆ ಬಾಯಿಟ್ಟು ಗೊರಗೊರ ಅನ್ನುತ್ತಾರೆ. ಬಂದೂಕು ಹಾರಬೇಕಾದರೆ ಚರ್ಮದ ಕುರ್ಚಿಗೆ ಬೆಲ್ಟಿನಿಂದ ಬಾರಿಸುತ್ತಾರೆ.

ಆ ಕೋಣೆಯಲ್ಲಿ ಕೆಲಸ ಮಾಡುತ್ತಿದ್ದವರು ಇಬ್ಬರು. ಒಬ್ಬ ನಮ್ಮ ಭಾವ. ಆಗ ಇನ್ನೂ ಭಾವ ಆಗಿರಲಿಲ್ಲ. ಇನ್ನೊಬ್ಬನನ್ನು ಎಲ್ಲರೂ ಬೂಟು ಅನ್ನುತ್ತಿದ್ದರು. ಎಲ್ಲಿ ಹಳೇ ಬೂಟು ಕಂಡರೂ ತಂದು ಗೋಡೆಗೆ ಸಾಲಾಗಿ ತೂಗುಹಾಕುತ್ತಿದ್ದ. ಅವನು ಬಾಯಿ ತೆರೆದರೆ ಕೋಣೆಯೆಲ್ಲ ನಗು. "ಅಟ್ಟಿಸೋ ಪೊಲೀಸೂ ನಾನೇ, ಓಡೋ ಕಳ್ಳನೂ ನಾನೇ. ನನ್ನನ್ನು ನಾನೇ ಹಿಡಿದುಕೊಡ್ತೀನಿ, ಸಂಬಳ ಮಾತ್ರ ಒಂದೇ" ಅನ್ನುತ್ತಿದ್ದ. ಒಳ್ಳೆಯವನು. ಒಂದೇ ತೊಂದರೆ, ಉಬ್ಬಸ. ಸ್ವಲ್ಪ ಧೂಳು ಮೂಗಿಗೆ ಹೋದರೂ ಎದೆಯಲ್ಲಿ ಸುಂಯ್ ಅನ್ನುತ್ತಿತ್ತು. ಜೇಬಿನಲ್ಲಿ ಯಾವಾಗಲೂ ಮಾತ್ರೆ ಇಟ್ಟುಕೊಂಡಿರುತ್ತಿದ್ದ.

ನಮ್ಮಕ್ಕ ಅದೇ ಕಟ್ಟಡದ ಮೇಲಿನ ಮಹಡಿಯಲ್ಲಿ ನಾಯಕಿಯರಿಗೆ ದನಿ ಕೊಡುತ್ತಿದ್ದಳು. ತೆರೆಯ ಮೇಲೆ ಯಾವಳೋ ಅಳುತ್ತಾಳೆ, ಗಂಟಲು ಕಟ್ಟುವುದು ನಮ್ಮಕ್ಕನಿಗೆ. ಅವಳ ಕಿವಿಯೂ ಅಷ್ಟೇ ಚುರುಕು. ಫೋನಿನಲ್ಲಿ ಯಾರು ಕೆಮ್ಮಿದರೂ ಇಂಥವರೇ ಅಂತ ಹೇಳಿಬಿಡುತ್ತಾಳೆ.

ಇಬ್ಬರಿಗೂ ಅವಳ ಮೇಲೆ ಮನಸ್ಸು. ಒಬ್ಬ ನಗಿಸಿಕೊಂಡು ಹೇಳಿದ. ಇನ್ನೊಬ್ಬ ಹೇಳಲೇ ಇಲ್ಲ, ಮೂಲೆಯಲ್ಲಿ ನಿಂತು ನೋಡುತ್ತಿದ್ದ. ನಾನು ಒಮ್ಮೆ ಅಕ್ಕನನ್ನು ಕರೆದುಕೊಂಡು ಬರಲು ಹೋದಾಗ ಆ ನೋಟ ನೋಡಿದ್ದೇನೆ. ಅವತ್ತೇ ಹೇಳಿದ್ದೆ, "ಅಕ್ಕಾ, ಆ ಮೂಲೇಲಿರೋನು ಸರಿ ಇಲ್ಲ" ಅಂತ. ಅವಳು ನಕ್ಕಳು.

ಅಷ್ಟರಲ್ಲಿ ಆ ಸಿನಿಮಾ ಬಂತು. ತುಂಬ ಹಳೆಯ ಕಾಡಿನ ಸಿನಿಮಾ. ಯಾರದೋ ಗೋದಾಮಿನಲ್ಲಿ ರೀಲುಗಳು ಬಿದ್ದಿದ್ದವಂತೆ. ಚಿತ್ರ ಉಳಿದಿತ್ತು, ಸದ್ದು ತೇವಕ್ಕೆ ಹಾಳಾಗಿತ್ತು. ಹೊಸದಾಗಿ ಮಾತು, ಹೆಜ್ಜೆ, ಗುಂಡು, ಗರ್ಜನೆ ಎಲ್ಲ ಹಾಕಿ ಮತ್ತೆ ಥಿಯೇಟರಿಗೆ ಬಿಡುವುದು ಅಂತಾಯಿತು.

ಕತೆ ಏನು ಮಹಾ... ಇಬ್ಬರು ಬೇಟೆಗಾರರು, ಒಬ್ಬಳು ಹೆಂಗಸು. ಹಿರಿಯ ಬೇಟೆಗಾರನಿಗೆ ಮೀಸೆ, ಕಿರಿಯನಿಗೆ ನಗು. ಅವಳು ಹಿಮ್ಮಡಿ ಎತ್ತರದ ಚಪ್ಪಲಿ ಮೆಟ್ಟಿಕೊಂಡೇ ಕಾಡು ಸುತ್ತುತ್ತಾಳೆ. ಇವರಿಬ್ಬರೂ ಅವಳೆದುರು ಹೆಚ್ಚುಗಾರಿಕೆ ತೋರಿಸಲು ಕಂಡಕಂಡ ಪ್ರಾಣಿಗೆಲ್ಲ ಗುಂಡು ಹೊಡೆಯುತ್ತಾರೆ. ಪಾಪ, ಆನೆ ಏನು ಮಾಡಿತ್ತು ಇವರಿಗೆ? ಅದೂ ಬಿತ್ತು. ಆದರೂ ಅವಳು ನಗುವುದು ಕಿರಿಯವನ ಮಾತಿಗೇ. ಹಿರಿಯವನ ಹೊಟ್ಟೆ ಉರಿಯುತ್ತದೆ.

ಕೊನೆಗೆ ಒಂದು ಚಿರತೆಗೆ ಹಿರಿಯವನ ಗುಂಡು ತಗಲುತ್ತದೆ. ಸಾಯುವುದಿಲ್ಲ. ಆಳೆತ್ತರದ ಒಣಹುಲ್ಲಿನಲ್ಲಿ ಹೊಕ್ಕು ಕೂರುತ್ತದೆ. ಗಾಯ ಮಾಡಿದವನೇ ಹೋಗಿ ಮುಗಿಸಬೇಕು, ಬೇಟೆಗಾರರ ಕಟ್ಟಳೆ ಅದು. ಇವನು ಕಾಲು ಉಳುಕಿತು ಅಂತ ನಾಟಕ ಮಾಡುತ್ತಾನೆ. ಕಿರಿಯವನು ನಗುತ್ತಲೇ ಹುಲ್ಲಿನೊಳಗೆ ಹೋಗುತ್ತಾನೆ. ಹಿರಿಯವನು ಅಂಚಿನಲ್ಲಿ ನಿಂತು ಬಂದೂಕು ಹೂಡುತ್ತಾನೆ. ಹುಲ್ಲು ಅಲುಗುತ್ತದೆ. ಚಿರತೆಯ ಬೆನ್ನು ಕಾಣುತ್ತದೆ. ಬೆರಳು ಬಂದೂಕಿನ ಕುದುರೆಯ ಮೇಲೇ ಇದೆ... ಒತ್ತುವುದಿಲ್ಲ. ಹುಲ್ಲಿನೊಳಗಿಂದ ಬರೀ ಸದ್ದು. ಆಮೇಲೆ ಅದೂ ಇಲ್ಲ. ಅಟ್ಟಣೆಯ ಮೇಲಿಂದ ಅವಳು ಕೇಳುತ್ತಾಳೆ, "ಯಾಕೆ ಹೊಡೆಯಲಿಲ್ಲ?" ಅಂತ. "ಕಾಣಿಸಲಿಲ್ಲ" ಅನ್ನುತ್ತಾನೆ. ಅವಳು ನಂಬುತ್ತಾಳೆ. ಕೊನೆಯಲ್ಲಿ ಇಬ್ಬರೂ ಹಡಗು ಹತ್ತಿ ಹೋಗುತ್ತಾರೆ, ಸಂಗೀತ ಬರುತ್ತದೆ.

ಅವಳಿಗೆ ದನಿ ನಮ್ಮಕ್ಕ. ಹಿರಿಯವನ ಹೆಜ್ಜೆ ಭಾವನದು. ಕಿರಿಯವನ ಹೆಜ್ಜೆ, ಉಸಿರು ಎಲ್ಲ ಬೂಟುವಿನದು.

ಕೆಲಸ ಅರ್ಧ ಆಗಿರಬೇಕು. ಅಕ್ಕ ಬೂಟುವಿಗೆ ಹೂಂ ಅಂದಳು. ಕಟ್ಟಡದ ಮೆಟ್ಟಿಲ ಮೇಲೆ ನಿಂತು ಅಂದದ್ದಂತೆ. ಅವನ ಹೊಟ್ಟೆಯಲ್ಲಿ ಮಾತು ನಿಲ್ಲುತ್ತದೆಯೇ? ಮಧ್ಯಾಹ್ನದೊಳಗೆ ಸದ್ದು ಟೇಪಿಗೆ ಹಿಡಿಯುವ ಇಂಜಿನಿಯರಿಗೆ ಗೊತ್ತು, ಕಾವಲಿನವನಿಗೆ ಗೊತ್ತು, ಚಹಾ ತರುವವಳಿಗೆ ಗೊತ್ತು. ಭಾವನಿಗೂ ಅವನೇ ಹೇಳಿದ, ತಬ್ಬಿಕೊಂಡು. ಭಾವ ಬೆನ್ನು ತಟ್ಟಿದನಂತೆ. "ಒಳ್ಳೇದಾಯ್ತು ಕಣೋ" ಅಂದನಂತೆ.

ಮಾರನೆಯ ದಿನ ಒಣಹುಲ್ಲು ತರಿಸಿದ.

ಇದು ಕೇಳಿಸಿಕೊಳ್ಳಿ. ಆ ಕಸುಬಿನಲ್ಲಿ ಯಾರೂ ಹುಲ್ಲಿನ ಸದ್ದಿಗೆ ಹುಲ್ಲು ತರುವುದಿಲ್ಲ. ಹಳೇ ಟೇಪನ್ನು ಉಂಡೆ ಮಾಡಿ ಹರಡಿ ತುಳಿದರೆ ಸಾಕು, ತೆರೆಯ ಮೇಲೆ ಅದು ಹುಲ್ಲೇ. ವರ್ಷಗಟ್ಟಲೆ ಇಬ್ಬರೂ ಹಾಗೇ ಮಾಡಿದ್ದರು. ಅವತ್ತು ಮಾತ್ರ ಇವನಿಗೆ ನಿಜವಾದ ಹುಲ್ಲೇ ಬೇಕಾಯಿತು. "ಈ ಸಿನಿಮಾದ ಜೀವ ಇರೋದೇ ಆ ಹುಲ್ಲಿನಲ್ಲಿ" ಅಂತ ಇಂಜಿನಿಯರಿಗೆ ಬುದ್ಧಿ ಹೇಳಿದ. ಹೊರೆ ಹೊರೆ ಹುಲ್ಲು ಬಂತು. ಕೋಣೆಯ ತುಂಬ ಮಣ್ಣುಬಣ್ಣದ ಧೂಳು ಎದ್ದಿತು. ಬೂಟು ಕರವಸ್ತ್ರ ಮೂಗಿಗೆ ಕಟ್ಟಿಕೊಂಡು, "ನನ್ನನ್ನು ದನದ ಕೊಟ್ಟಿಗೆಗೆ ಅಳಿಯ ಮಾಡ್ಕೊಂಡ್ರಲ್ಲಪ್ಪ" ಅಂತ ನಕ್ಕ.

ಆ ಕೋಣೆಯ ಬಾಗಿಲಿನ ವಿಷಯ ಹೇಳಲೇಬೇಕು. ದಪ್ಪ ಬಾಗಿಲು, ಒಳಮೈಗೆ ಹತ್ತಿ ತುಂಬಿದ ಮೆತ್ತೆ ಹೊಡೆದಿತ್ತು. ಒಳಗಡೆ ಹಿಡಿ ಇಲ್ಲ. ಮೊದಲು ಇತ್ತಂತೆ, ಹೆಜ್ಜೆ ಹಾಕಿದಾಗೆಲ್ಲ ಕಿಟಿಕಿಟಿ ಅಂತ ಅಲುಗಿ ಟೇಪಿನಲ್ಲಿ ಬರುತ್ತಿತ್ತು ಅಂತ ಇವರೇ ಕಳಚಿಟ್ಟರು. ಹಾಗಾಗಿ ಒಳಗಿದ್ದವನು ತಾನಾಗಿ ಹೊರಗೆ ಬರುವ ಹಾಗಿಲ್ಲ. ಹೊರಗೆ ಮೇಜಿನ ಮುಂದೆ, ಕಿವಿಗೆ ಹೆಡ್‌ಫೋನ್ ಹಾಕಿ ಕೂತವನು ಬಂದು ತೆಗೆಯಬೇಕು. ಟೇಪು ಓಡುವಾಗ ಒಳಗಿದ್ದವನು ಬಾಯಿ ಬಿಡಬಾರದು. ಬಿಟ್ಟರೆ ಟೇಕ್ ಹಾಳು, ತಕ್ಷಣ ನಿಲ್ಲಿಸಿ ಬಾಗಿಲು ತೆಗೆಯಬೇಕು. ಇಬ್ಬರ ನಡುವಿನ ಒಪ್ಪಂದ ಅದು.

ಆ ಕಟ್ಟಡದ ಗೋಡೆಗಳು ತೆಳು, ಹಗಲು ಬಸ್ಸಿನ ಹಾರನ್ ಎಲ್ಲ ಒಳಗೆ ಬರುತ್ತಿತ್ತು. ಅದಕ್ಕೇ ಇಂಥ ಕೆಲಸ ರಾತ್ರಿಯೇ. ಇಂಜಿನಿಯರಿಗೆ ಹಲ್ಲುನೋವು, ಬೇಗ ಮನೆಗೆ ಹೋದ. ಉಳಿದವರು ಇಬ್ಬರೇ. ಬೂಟು ಒಳಗೆ, ಭಾವ ಮೇಜಿನ ಮುಂದೆ. ಕಿರಿಯ ಬೇಟೆಗಾರ ಹುಲ್ಲಿನೊಳಗೆ ಹೋಗುವ ದೃಶ್ಯ.

ಬೆಳಿಗ್ಗೆ ನಮಗೆ ತಿಳಿದದ್ದು ಇಷ್ಟು... ಬೂಟು ಹೋಗಿಬಿಟ್ಟ. ಉಬ್ಬಸ ಹೆಚ್ಚಾಗಿ, ಆ ಹುಲ್ಲಿನ ಮೇಲೇ. ಮಾತ್ರೆ ಹೊರಗೆ ಕಳಚಿಟ್ಟ ಅಂಗಿಯ ಜೇಬಿನಲ್ಲಿತ್ತು.

ಭಾವ ಎಲ್ಲರೆದುರು ತಲೆ ಚಚ್ಚಿಕೊಂಡು ಅತ್ತ. "ಚೆನ್ನಾಗಿ ಮಾಡ್ತಿದಾನೆ ಅಂದ್ಕೊಂಡೆ... ಸಾಯೋ ಪಾತ್ರ ಅಲ್ವಾ? ಉಸಿರು ಎಳೀತಿದ್ದ. ಬಿದ್ದ ಸದ್ದೂ ಬಂತು. ಆ್ಯಕ್ಟಿಂಗ್ ಅಂದ್ಕೊಂಡೆ. ರೀಲು ಮುಗಿದ ಮೇಲೆ ಬಾಗಿಲು ತೆಗೆದೆ..."

ಇಂಜಿನಿಯರ್ ಒಂದೇ ಪ್ರಶ್ನೆ ಕೇಳಿದ. "ಮಾತಾಡಿದ್ನೇನಯ್ಯಾ?"

"ಇಲ್ಲ. ಒಂದು ಮಾತೂ ಆಡ್ಲಿಲ್ಲ."

ಎಲ್ಲರೂ ನಂಬಿದರು. ನಂಬದೆ ಏನು ಮಾಡುತ್ತಾರೆ? ಆ ಕಸುಬಿನಲ್ಲಿ ಹೀಗೆ ಆಗಬಹುದು ಅಂತ ಅನ್ನಿಸಿತು. ಅಕ್ಕ ಕೂಡ ನಂಬಿದಳು.

ಅವನ ಧೈರ್ಯ ನೋಡಿ... ಆ ಟೇಪನ್ನೇ ಸಿನಿಮಾಕ್ಕೆ ಹಾಕಿದ. "ಅವನ ಕೊನೇ ಕೆಲಸ, ವ್ಯರ್ಥ ಆಗಬಾರದು" ಅಂದ. ನಾನೂ ಹೋಗಿ ನೋಡಿದೆ. ಹುಲ್ಲಿನ ದೃಶ್ಯ ಬಂತು. ಸರಕ್... ಕಿರ್. ಸರಕ್... ಕಿರ್. ಆಮೇಲೆ ಸುಂಯ್ ಅಂತ ಉಸಿರು. ಸುಂಯ್... ಸುಂಯ್... ಥಿಯೇಟರಿನಲ್ಲಿ ಕಡಲೆ ತಿನ್ನುತ್ತಿದ್ದವರೂ ಬಾಯಾಡಿಸುವುದು ನಿಲ್ಲಿಸಿದರು. ದೃಶ್ಯ ಮುಗಿದಾಗ ಚಪ್ಪಾಳೆ. ಮನುಷ್ಯ ಸಾಯುವ ಸದ್ದಿಗೆ ಚಪ್ಪಾಳೆ ಬಿತ್ತು ಅತ್ತಿಗೆ.

ಅಕ್ಕ ಮಂಕಾಗಿ ಕೂತಿದ್ದಳು. ಇವನು ದಿನಾ ಬಂದ. ಹಣ್ಣು ತಂದ, ಬೂಟುವಿನ ತಾಯಿಯ ಕಾಲ ಬಳಿ ಕೂತ, ಕಣ್ಣೀರು ಹಾಕಿದ. ಕಣ್ಣೀರಿಗೆ ಸದ್ದಿಲ್ಲ ನೋಡಿ, ನಿಜವೋ ಸುಳ್ಳೋ ಅಂತ ನಮ್ಮಕ್ಕನ ಕಿವಿಗೂ ಗೊತ್ತಾಗಲಿಲ್ಲ. ವರ್ಷ ತುಂಬುವುದರೊಳಗೆ ಮದುವೆಯಾದರು. ನಾನು ಹೋದೆ, ಊಟ ಮಾಡದೆ ಬಂದೆ.

ಬಾವಿಯ ಹತ್ತಿರ ಹೆಜ್ಜೆ ಕೇಳಿಸಿದ್ದು ಆಮೇಲೆ. ಅಕ್ಕನಿಗೆ ನಿಜ ಗೊತ್ತಾದರೆ ತನ್ನ ಗತಿ ಏನು ಅನ್ನುವುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಅವಳು ಒಂದು ನಿಮಿಷ ಆ ಮನೆಯಲ್ಲಿ ಇರುತ್ತಿರಲಿಲ್ಲ. ಅವಳಿಗಾಗಿ ತಾನೇ ಅಷ್ಟೆಲ್ಲ ಮಾಡಿದ್ದು? ಅದಕ್ಕೇ ಹಲ್ಲು ಕಚ್ಚಿಕೊಂಡು ಸುಮ್ಮನಿದ್ದ.

ಆದರೆ ಅದು ರಸ್ತೆಯಲ್ಲೇ ನಿಲ್ಲಲಿಲ್ಲ. ಹೆಜ್ಜೆ ಸದ್ದು ಹೋಯಿತು. ಆಮೇಲೆ ಕೈಯ ಸದ್ದು. ಚಹಾದ ಲೋಟದಲ್ಲಿ ಚಮಚ ತಿರುಗಿಸುತ್ತಾನೆ, ಟಿಣ್ ಅನ್ನುವುದಿಲ್ಲ. ಕುರ್ಚಿ ಎಳೆಯುತ್ತಾನೆ, ಕರ್ರ್ ಅನ್ನುವುದಿಲ್ಲ. ಅಕ್ಕ ಮೊದಮೊದಲು ಬೈಯುತ್ತಿದ್ದಳು, "ಕಳ್ಳರ ಹಾಗೆ ಬಂದು ಹಿಂದೆ ನಿಂತ್ಕೋತೀರಲ್ರೀ, ಜೀವ ಬಾಯಿಗೆ ಬರತ್ತೆ" ಅಂತ. ಅವನು ಸುಮ್ಮನೆ ನಗುತ್ತಿದ್ದ.

ಕೆಲಸದಲ್ಲಿ ನಗಲಾಗಲಿಲ್ಲ. ಮೈಕಿನ ಮುಂದೆ ಕುಣಿದು ಕುಣಿದು ಇಡುತ್ತಾನೆ, ಮೀಟರಿನ ಮುಳ್ಳು ಅಲ್ಲಾಡುವುದಿಲ್ಲ. ಇಂಜಿನಿಯರ್ ತಂತಿ ಬದಲಾಯಿಸಿದ, ಮೈಕು ಬದಲಾಯಿಸಿದ. ಕೊನೆಗೆ ಹೆಡ್‌ಫೋನ್ ಕಿತ್ತಿಟ್ಟು, "ಏನಯ್ಯಾ, ಗಾಳಿ ಮೇಲೆ ನಡೀತಿದೀಯಾ? ಬೇರೆ ಯಾರನ್ನಾದ್ರೂ ನೋಡ್ಕೋತೀನಿ, ಹೋಗು" ಅಂದ. ಕಸುಬು ಹೋಯಿತು. ಮನೆಯಲ್ಲಿ ಹೇಳಲಿಲ್ಲ. ದಿನಾ ಹೊರಡುತ್ತಿದ್ದ, ಎಲ್ಲೋ ಅಲೆದು ಬರುತ್ತಿದ್ದ.

ಇನ್ನೊಂದು ಇದೆ... ಹೋದ ಸದ್ದು ಎಲ್ಲೂ ಹೋಗಿರಲಿಲ್ಲ. ಮನೆಯಲ್ಲೇ ಇತ್ತು.

ಒಂದು ಸಂಜೆ ಅಕ್ಕ ಅಡುಗೆಮನೆಯಲ್ಲಿದ್ದಳು. ಗೇಟು ಕಿರುಗುಟ್ಟಿತು. ಚಪ್ಪಲಿ ಕಳಚಿ ಬಿಟ್ಟ ಸದ್ದು, ಪಟ್ ಪಟ್. ಬಚ್ಚಲ ನಲ್ಲಿ ತಿರುಗಿತು, ನೀರು ಬಿತ್ತು. ಗಂಟಲು ಸರಿಮಾಡಿಕೊಂಡ ಸದ್ದು.

"ಬಂದ್ರಾ?"

"ಹೂಂ."

ಲೋಟ ಹಿಡಿದುಕೊಂಡು ಬಂದು ನೋಡಿದರೆ ಯಾರೂ ಇಲ್ಲ. ಚಪ್ಪಲಿ ಇಲ್ಲ. ಬಚ್ಚಲು ಒಣಗಿದೆ. ತಿರುಗಿದಳು... ಹಿಂದೆ ಭಾವ ನಿಂತಿದ್ದ, ಆಗತಾನೇ ಒಳಗೆ ಬಂದವನು, ಉಸಿರಿನ ಸದ್ದೂ ಇಲ್ಲದೆ. ಲೋಟ ಕೈಜಾರಿ ಬಿದ್ದು ಒಡೆಯಿತು. ಆ ರಾತ್ರಿ ಅಕ್ಕ ನನಗೆ ಫೋನು ಮಾಡಿದಳು. "ಆ ಹೂಂ ಅವರದ್ದಲ್ಲ ಕಣೇ" ಅಂದಳು. ಯಾರದು ಅಂದರೆ ಫೋನು ಇಟ್ಟುಬಿಟ್ಟಳು.

ಆಮೇಲಿನದು ಅಕ್ಕನೇ ನನಗೆ ಹೇಳಿದ್ದು. ಒಂದಕ್ಷರ ಸೇರಿಸಿಲ್ಲ, ಬಿಟ್ಟಿಲ್ಲ.

ಇಬ್ಬರೂ ಮಲಗಿದ್ದರು. ದೀಪ ಆರಿಸಿತ್ತು. ಬೀದಿಬಾಗಿಲು ಬಡಿದ ಸದ್ದಾಯಿತು. ಡಬ್... ಡಬ್. ಮರದ ಬಾಗಿಲನ್ನು ಬಡಿದರೆ ಹಾಗೆ ಬರುವುದಿಲ್ಲ. ಹಾಸಿಗೆಗೆ ಅಂಗೈಯಿಂದ ಬಡಿದ ಹಾಗಿತ್ತು.

"ಲೋ... ಬಾಗಿಲು ತೆಗಿಯೋ."

ಪಿಸುಮಾತು. ಆದರೆ ಕಿವಿಯ ಪಕ್ಕದಲ್ಲೇ ಆಡಿದಷ್ಟು ಸ್ಪಷ್ಟ.

"ರೀ... ಯಾರೋ ಕರೀತಿದಾರೆ."

"ಯಾರೂ ಇಲ್ಲ. ಮಲ್ಕೋ."

"ಅದು ಬೂಟು ದನಿ."

"ಹುಚ್ಚು ಹಿಡಿದಿದೆಯಾ ನಿನಗೆ?"

"ದನಿ ವಿಷಯ ನನಗೆ ಹೇಳಬೇಡಿ. ಅವನದ್ದೇ."

ಡಬ್... ಡಬ್... "ಲೋ, ತಮಾಷೆ ಸಾಕು ಕಣೋ. ಉಸಿರಾಡಕ್ಕಾಗ್ತಿಲ್ಲ. ನಿನ್ನ ದಮ್ಮಯ್ಯ... ತೆಗಿಯೋ."

ಅಕ್ಕ ಎದ್ದು ಕೂತಳು. ಸತ್ತವನು ಬಂದಿದ್ದಾನೆ ಅನ್ನುವ ಹೆದರಿಕೆಗಲ್ಲ. ಸತ್ತವನು ಬಂದು ಕೇಳುತ್ತಿರುವುದು ಏನನ್ನು ಅಂತ ಅವಳಿಗೆ ಹೊಳೆದಿತ್ತು. ಈ ಮಾತನ್ನು ಅವನು ಹಿಂದೆ ಒಂದು ಸಲ ಆಡಿದ್ದಾನೆ. ಇದೇ ಮನುಷ್ಯನಿಗೆ.

"ಅವತ್ತು... ಅವನು ಮಾತಾಡಿದ್ದ. ಅಲ್ವಾ?"

ಭಾವ ಹೊದಿಕೆ ಎಳೆದುಕೊಂಡ.

"ಹೇಳ್ರೀ. ಬಾಗಿಲು ತೆಗಿ ಅಂದಿದ್ದ. ಅಲ್ವಾ?"

ಕತ್ತಲಲ್ಲಿ ಭಾವನ ದನಿ ಬಂತಂತೆ. "ಟೇಕ್ ತುಂಬ ಚೆನ್ನಾಗಿ ಬರ್ತಿತ್ತು" ಅಂದ. "ಆ ಮಾತನ್ನ ಆಮೇಲೆ ಕತ್ತರಿಸಿ ತೆಗೆದೆ" ಅಂದ. ಕೆಲಸದ ವಿಷಯ ಹೇಳಿದ ಹಾಗೆ ಹೇಳಿದನಂತೆ. ಬಾವಿಯ ಹತ್ತಿರದ ಹೆಜ್ಜೆ, ಕಸುಬು ಹೋದದ್ದು, ಅವನ್ನೂ ಬಾಯಿ ಬಿಟ್ಟದ್ದು ಆಗಲೇ.

ನಾನಾಗಿದ್ದರೆ ಕಿರುಚಿ ಬೀದಿ ಕೂಡಿಸುತ್ತಿದ್ದೆ. ಅಕ್ಕ ಕಿರುಚಲಿಲ್ಲ.

"ಹೋಗಿ ತೆಗೀರಿ" ಅಂದಳು.

"ಯಾರೂ ಇಲ್ಲ ಅಲ್ಲಿ."

"ಹೋಗಿ ತೆಗೀರಿ."

"ಯಾರೂ ಇಲ್ಲ ಅಂತ ತೋರಿಸ್ತೀನಿ, ನೋಡ್ತಾ ಇರು."

ಎದ್ದು ಹೋದ. ಹೆಜ್ಜೆ ಇಲ್ಲ. ಚಿಲಕ ತೆಗೆದ ಸದ್ದಿಲ್ಲ. ಬೀದಿಬಾಗಿಲು ಮಲಗುವ ಕೋಣೆಯಿಂದ ಕಾಣುವುದಿಲ್ಲ. ತಣ್ಣನೆಯ ಗಾಳಿ ಬಂದು ಅಕ್ಕನ ಕಾಲಿಗೆ ತಗಲಿದಾಗಲೇ ಬಾಗಿಲು ತೆರೆದಿದೆ ಅಂತ ಗೊತ್ತಾದದ್ದು.

ಆಮೇಲೆ ಸದ್ದು ಶುರುವಾಯಿತು.

ಬಾಗಿಲು ಮುಚ್ಚಿದ ಸದ್ದು. ಚಿಲಕ ಹಾಕಿದ ಸದ್ದು, ಠಕ್. ಹೂಜಿ ಎತ್ತಿದ ಸದ್ದು. ಗಟಗಟ ನೀರು ಕುಡಿದ ಸದ್ದು. ಹೂಜಿ ಇಟ್ಟದ್ದು. ಹೆಜ್ಜೆ ಹತ್ತಿರ ಬಂತು. ಮಂಚ ಕಿರ್ರೆಂದು ಒಂದು ಕಡೆ ತಗ್ಗಿತು. ಪಕ್ಕದಲ್ಲಿ ಯಾರೋ ಮಲಗಿದರು.

ಅಕ್ಕ ಗೋಡೆಗೆ ಮುಖ ಮಾಡಿ ಮಲಗಿದಳು. ತಿರುಗಿ ನೋಡಲಿಲ್ಲ. ಬೆಳಗಾಗುವವರೆಗೂ ಏಳಲಿಲ್ಲ.

ಬೆಳಿಗ್ಗೆ ಹಾಲಿನವನು ಕೂಗಿಕೊಂಡ. ಭಾವ ಹೊಸ್ತಿಲ ಹೊರಗೆ ಬಿದ್ದಿದ್ದ. ತುಟಿ ನೀಲಿ. ಎರಡು ಕೈಯ ಗೆಣ್ಣುಗಳೂ ಚರ್ಮ ಸುಲಿದು ಕೆಂಪಾಗಿದ್ದವು. ಉಸಿರು ಕಟ್ಟಿ ಸತ್ತದ್ದು ಅಂದರು ಡಾಕ್ಟರು. ಬಯಲಲ್ಲಿ, ಅಷ್ಟು ಗಾಳಿ ಬೀಸುವ ಬೀದಿಯಲ್ಲಿ ಉಸಿರು ಕಟ್ಟುವುದು ಹೇಗೆ ಅಂತ ನಾನು ಕೇಳಿದೆ. "ಒಮ್ಮೊಮ್ಮೆ ಹಾಗಾಗತ್ತಮ್ಮ" ಅಂದು ಚೀಲ ಮುಚ್ಚಿಕೊಂಡು ಹೋದರು.

ಎದುರುಮನೆಯಲ್ಲಿ ಒಬ್ಬ ದರ್ಜಿ ಇದ್ದಾನೆ. ಆ ರಾತ್ರಿ ಶಾಲೆಯ ಸಮವಸ್ತ್ರ ಹೊಲಿಯುತ್ತಾ ಕಿಟಕಿಯ ಪಕ್ಕದಲ್ಲೇ ಎಚ್ಚರವಾಗಿದ್ದ. ಅವನು ಎಲ್ಲ ನೋಡಿದ್ದಾನೆ. ಬೇಕಾದರೆ ಅವನನ್ನೇ ಕೇಳಿ.

"ಹೊರಗೆ ಬಂದ್ರು ಕಣಮ್ಮಾ. ಆಕಡೆ ಈಕಡೆ ನೋಡಿದ್ರು. ಹಿಂದೆ ಬಾಗಿಲು ಹಾಕ್ಕೊಳ್ತು. ಆಮೇಲೆ ಎರಡೂ ಕೈಲಿ ಬಾಗಿಲು ಬಡಿಯೋಕೆ ಶುರು ಮಾಡಿದ್ರು. ಬಾಯಿ ತೆಗೆದು ಕೂಗ್ತಿದ್ರು. ಆದ್ರೆ ಒಂದು ಸದ್ದು ಇಲ್ಲ. ನನ್ನ ಮಿಷಿನ್ನು ನಿಲ್ಲಿಸಿ ಕೇಳಿದೆ... ಚೂರೂ ಇಲ್ಲ. ಎದೆ ಹಿಡ್ಕೊಂಡ್ರು, ಜಾರಿ ಕೂತ್ರು."

"ನೋಡ್ಕೊಂಡು ಸುಮ್ಮನಿದ್ಯಾ?" ನಾನು ಬಾಯಿಗೆ ಬಂದ ಹಾಗೆ ಬೈದೆ.

"ಸಿನಿಮಾದವರಲ್ವಾ ಅಮ್ಮಾ" ಅಂದ ಅವನು, ಮುಖ ಸಣ್ಣಗೆ ಮಾಡಿಕೊಂಡು. "ಏನೋ ರಿಹರ್ಸಲ್ ಅಂದ್ಕೊಂಡೆ. ಅಷ್ಟು ಚೆನ್ನಾಗಿ ಮಾಡ್ತಿದ್ರು."

ಜನ ಎಲ್ಲ ಹೋದ ಮೇಲೆ ಅಕ್ಕನ ಪಕ್ಕ ಕೂತೆ. ಅವಳು ಅಳುತ್ತಿರಲಿಲ್ಲ. ಹಾಸಿಗೆಯ ಹೊದಿಕೆ ಕೊಡವಿ ಮಡಿಸುತ್ತಿದ್ದಳು. ಕೇಳಬಾರದಿತ್ತೇನೋ. ಕೇಳಿದೆ.

"ಪಕ್ಕದಲ್ಲಿ ಬಂದು ಮಲಗಿದ್ದು ಭಾವ ಅಲ್ಲ ಅಂತ ನಿನಗೆ ಗೊತ್ತಾಗ್ಲಿಲ್ವಾ ಅಕ್ಕಾ?"

"ಗೊತ್ತಾಯ್ತು."

"ಯಾವಾಗ?"

"ಮಲಗಿದ ತಕ್ಷಣ. ಎದೇಲಿ ಸುಂಯ್ ಅಂತಿತ್ತು."

"ಮತ್ತೆ... ಎದ್ದು ಹೋಗಿ ಬಾಗಿಲು ಯಾಕೆ ತೆಗೀಲಿಲ್ಲ ನೀನು?"

ಅಕ್ಕ ಹೊದಿಕೆಯ ಅಂಚು ಸರಿಮಾಡಿದಳು. ತುಂಬ ಮೆತ್ತಗೆ ಹೇಳಿದಳು. "ಪಾಪ ಕಣೇ... ಅವನಿಗೆ ಆಗತಾನೇ ಉಸಿರು ಸರಿಹೋಗ್ತಾ ಇತ್ತು."

ಸುಳ್ಳು ಅನ್ನಿಸಿದರೆ ಹೇಳಿ, ನಾಳೆ ಬೆಳಿಗ್ಗೆಯೇ ಕರೆದುಕೊಂಡು ಹೋಗುತ್ತೇನೆ. ಅಕ್ಕ ಅದೇ ಮನೆಯಲ್ಲಿದ್ದಾಳೆ, ಒಬ್ಬಳೇ, ಚೆನ್ನಾಗಿದ್ದಾಳೆ. ಆ ಬೀದಿಬಾಗಿಲಿಗೆ ಅದೇ ತಿಂಗಳು ಹಸಿರು ಬಣ್ಣ ಹೊಡೆಸಿದ್ದರು. ಆ ರಾತ್ರಿ ಅಷ್ಟು ಬಡಿದಿದ್ದಾನಲ್ಲ, ಹೊರಗಡೆ ಒಂದು ಗೀರಿಲ್ಲ, ಒಂದು ಹನಿ ರಕ್ತದ ಕಲೆ ಇಲ್ಲ. ಒಳಗಡೆ, ಒಳಗೆ ಸಿಕ್ಕಿಬಿದ್ದವನು ಬಡಿದ ಹಾಗೆ, ಎದೆಯ ಎತ್ತರಕ್ಕೆ, ಎರಡು ಕಡೆ ಅಂಗೈಯಗಲ ಬಣ್ಣ ಎದ್ದುಹೋಗಿ ಮರ ಕಾಣುತ್ತಿತ್ತು. ನಾನೇ ಕೈಯಿಟ್ಟು ನೋಡಿದ್ದೇನೆ.